ತೋಟದ ಮನೆಯ ಏರು, ಅತ್ತೆಯ ಮೊಣಕಾಲು, ಹೊಸ ಗಾಡಿ

ಹೊಸ ಗಾಡಿಯ ಮಾತು ಎದ್ದಾಗಿನಿಂದ ನಮ್ಮ ಮನೆಯಲ್ಲಿ ಎರಡು ಪಕ್ಷ. ಯಜಮಾನರಿಗೂ ಮಗನಿಗೂ ಮಹೀಂದ್ರದ ಜೀಪು ಮಾದರಿಯ ಥಾರ್ ರಾಕ್ಸ್ ಬೇಕು. ನನಗೂ ಮಗಳಿಗೂ ಕ್ರೆಟಾ, ಸೆಲ್ಟೋಸ್, ಗ್ರ್ಯಾಂಡ್ ವಿಟಾರಾ ಜಾತಿಯ, ಮನೆಮಂದಿ ಆರಾಮವಾಗಿ ಕೂರುವ, ಕಾರಿನ ಹಾಗಿದ್ದೂ ತುಸು ಎತ್ತರದ ಕ್ರಾಸ್‌ಓವರ್ ಸಾಕು. ಅತ್ತೆಯವರು ಯಾವ ಪಕ್ಷಕ್ಕೂ ಸೇರದೆ, ‘ನನ್ನನ್ನು ಹತ್ತಿಸಿ ಇಳಿಸುವವರು ನೀವು, ನೀವೇ ನೋಡಿಕೊಳ್ಳಿ’ ಎಂದುಬಿಟ್ಟರು. ಈಗ ಬುಕಿಂಗ್ ಮುಗಿದಿದೆ. ಆ ತೀರ್ಮಾನಕ್ಕೆ ಹೇಗೆ ಬಂದೆವು ಎಂಬುದನ್ನು ಬರೆದಿಡುತ್ತಿದ್ದೇನೆ. ಪೇಟೆಯಲ್ಲೊಂದು ಕಾಲು, ತೋಟದಲ್ಲೊಂದು ಕಾಲು ಇಟ್ಟು ಬದುಕುವ ಮನೆಗಳು ಮಲೆನಾಡಿನಲ್ಲಿ ಊರಿಗೆ ಹತ್ತಿವೆ. ಅವರಲ್ಲಿ ಯಾರಿಗಾದರೂ ಈ ಲೆಕ್ಕ ಉಪಯೋಗಕ್ಕೆ ಬರಬಹುದು.

ನಾವಿರುವುದು ಶಿವಮೊಗ್ಗದ ವಿನೋಬನಗರದಲ್ಲಿ. ನಾನು ಇಲ್ಲಿಯೇ ಪಾಠ ಹೇಳುತ್ತೇನೆ. ಮೂಲ ಮನೆ ಮತ್ತು ಅಡಿಕೆ ತೋಟ ಹೊಸನಗರ ತಾಲ್ಲೂಕಿನ ‘ನಗರ’ ಎಂಬ ಊರಿನಿಂದ ಒಳಗೆ. ಭಾವ ಮತ್ತು ಅಕ್ಕ ಅಲ್ಲಿಯೇ ಇದ್ದು ತೋಟ ನೋಡಿಕೊಳ್ಳುತ್ತಾರೆ. ಅತ್ತೆಯವರು ಮಳೆಗಾಲಕ್ಕೆ ನಮ್ಮಲ್ಲಿ, ಕೊಯ್ಲಿನ ಹೊತ್ತಿಗೆ ಅಲ್ಲಿ. ಆಯನೂರು, ರಿಪ್ಪನ್‌ಪೇಟೆ, ಹೊಸನಗರ ದಾಟಿ ನಗರದ ಬಿದನೂರು ಕೋಟೆಯ ಬುಡದವರೆಗೂ ಡಾಂಬರು ರಸ್ತೆ ಇದೆ. ಗುಂಡಿ ಬೀಳುತ್ತದೆ, ಮುಚ್ಚುತ್ತಾರೆ, ಮತ್ತೆ ಬೀಳುತ್ತದೆ. ಆದರೆ ಯಾವ ಕಾರೂ ಹೋಗುತ್ತದೆ. ಕಷ್ಟವಿರುವುದು ಡಾಂಬರು ಬಿಟ್ಟ ಮೇಲಿನ ತುಂಡಿನಲ್ಲಿ.

ಆ ತುಂಡಿನಲ್ಲಿ ಮೂರು ಬಗೆಯ ನೆಲವಿದೆ. ಮೊದಲು ಗದ್ದೆ ಬದಿಯ ಜೇಡಿಮಣ್ಣಿನ ಸಪಾಟು. ಟ್ರ್ಯಾಕ್ಟರ್ ಓಡಾಡಿ ಎರಡು ಜಾಡು ಬಿದ್ದು, ನಡುವೆ ಹುಲ್ಲು ಬೆಳೆದ ದಿಣ್ಣೆ ಉಳಿದಿದೆ. ಆಮೇಲೆ ಹಳ್ಳ, ಅದಕ್ಕೆ ಸಿಮೆಂಟ್ ಪೈಪ್ ಹಾಕಿದ ಮೋರಿ. ಮೋರಿ ದಾಟಿದ ಕೂಡಲೇ ಬಲಕ್ಕೆ ತಿರುಗುವ ಏರು. ಎಡಗಡೆ ಧರೆ (ಕಡಿದಾದ ಮಣ್ಣಿನ ಗೋಡೆ), ಬಲಗಡೆ ತೋಟದ ತಗ್ಗು, ನೆಲವೆಲ್ಲ ಜಂಬಿಟ್ಟಿಗೆಯ ಕೆಮ್ಮಣ್ಣು. ಬೇಸಿಗೆಯಲ್ಲಿ ಅದೇ ಏರನ್ನು ನಮ್ಮ ಹಳೆಯ ವ್ಯಾಗನ್ ಆರ್ ಎರಡನೇ ಗೇರಿನಲ್ಲಿ ಹತ್ತುತ್ತಿತ್ತು. ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,600 ಮಿ.ಮೀ. ಆಸುಪಾಸು. ಹುಲಿಕಲ್, ಮಾಸ್ತಿಕಟ್ಟೆಯ ಕಡೆಯ ಮಳೆಯೂ ಅದಕ್ಕೆ ಸರಿಜೋಡಿ, ನಮ್ಮ ತೋಟ ಅದೇ ಮೋಡದ ಕೆಳಗಿದೆ. ಆರಿದ್ರಾ ಮಳೆ ಆರದೆ ಹೊಯ್ಯುತ್ತದೆ ಎಂಬ ಮಾತು ನಮ್ಮಲ್ಲಿ ಅಕ್ಷರಶಃ ನಿಜ. ಪುನರ್ವಸು ಮುಗಿಯುವ ಹೊತ್ತಿಗೆ ಆ ಏರಿನ ಮೇಲಿನ ಪದರ ಸೋಪಿನ ಹಾಗೆ ಜಾರುತ್ತದೆ.

ಗಾಡಿ ನೋಡಲು ಹೋದಲ್ಲೆಲ್ಲ ಮೊದಲು ಹೇಳುವುದು ನೆಲದಿಂದ ಗಾಡಿಯ ಹೊಟ್ಟೆಗಿರುವ ಅಂತರ. ಕ್ರೆಟಾಗೆ 190 ಮಿ.ಮೀ., ಗ್ರ್ಯಾಂಡ್ ವಿಟಾರಾಗೆ 210, ಜಿಮ್ನಿಗೂ 210. ಈ ಅಂಕಿಯೊಂದನ್ನೇ ಹಿಡಿದು ಗಾಡಿ ಆರಿಸುವವರನ್ನು ಕಂಡರೆ ನನಗೆ ನಿಜಕ್ಕೂ ಆತಂಕವಾಗುತ್ತದೆ. ನಮ್ಮ ಕಡೆ ಹಾಲಿನ ಡಬ್ಬಿಯಿಂದ ಹಿಡಿದು ಹೆರಿಗೆ ನೋವಿನ ಹೆಂಗಸಿನವರೆಗೆ ಎಲ್ಲವನ್ನೂ ಹೊತ್ತು ಓಡಾಡುವ ಬೊಲೆರೊದ ಅಂತರ ಕಾಗದದ ಮೇಲೆ 180ರ ಆಸುಪಾಸು, ಅಂದರೆ ಕ್ರೆಟಾಗಿಂತ ಕಡಿಮೆ. ಆದರೂ ಕ್ರೆಟಾ ಹೊಟ್ಟೆ ಉಜ್ಜುವಲ್ಲಿ ಬೊಲೆರೊ ಹೋಗುತ್ತದೆ. ಅದರ ಮೂತಿ ಚಕ್ರಕ್ಕಿಂತ ಹೆಚ್ಚು ಮುಂದೆ ಚಾಚಿಲ್ಲ. ಕೆಳಗೆ ಗಟ್ಟಿ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿ ಇದೆ, ತಾಗಿದರೂ ಒಡೆಯುವ ಪ್ಲಾಸ್ಟಿಕ್ ಕಡಿಮೆ. ಎಂಜಿನ್ನಿನ ಶಕ್ತಿ ಹೋಗುವುದು ಹಿಂಚಕ್ರಕ್ಕೆ.

ಈ ಕೊನೆಯದು ಏರಿನಲ್ಲಿ ಬಹಳ ಮುಖ್ಯ. ಗಾಡಿ ಏರು ಹತ್ತುವಾಗ ಭಾರ ಹಿಂದಕ್ಕೆ ವಾಲುತ್ತದೆ. ಸಾಧಾರಣ ಕ್ರಾಸ್‌ಓವರ್‌ಗಳಲ್ಲಿ ಎಳೆಯುವುದು ಮುಂಚಕ್ರ. ಭಾರ ಹಿಂದೆ ಸರಿದಾಗ ಮುಂಚಕ್ರ ನೆಲವನ್ನು ಒತ್ತುವ ಬಲ ಕುಗ್ಗಿ ಕೆಸರಿನಲ್ಲಿ ಗಿರಗಿರ ತಿರುಗುತ್ತದೆ. ಹಿಂದಿನ ಸೀಟಿನಲ್ಲಿ ಮೂವರು, ಡಿಕ್ಕಿಯಲ್ಲಿ ಅಕ್ಕಿ ಮೂಟೆ ಇದ್ದರೆ ಇನ್ನೂ ಕಷ್ಟ. ಪಕ್ಕದ ಮನೆಯವರು ಮಳೆಗಾಲದಲ್ಲಿ ತಮ್ಮ ಕಾರನ್ನು ಮೋರಿಯ ಹತ್ತಿರ ತಿರುಗಿಸಿ, ಹಿಮ್ಮುಖವಾಗಿ ಏರು ಹತ್ತಿಸುತ್ತಾರೆ. ನೋಡಿದವರು ನಗುತ್ತಾರೆ. ಆದರೆ ಅವರ ಲೆಕ್ಕ ಸರಿಯಾಗಿದೆ: ಹಿಮ್ಮುಖವಾಗಿ ಹತ್ತುವಾಗ ಎಳೆಯುವ ಚಕ್ರಗಳು ಕೆಳಬದಿಗೆ ಬರುತ್ತವೆ, ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ, ಹಿಡಿತ ಸಿಗುತ್ತದೆ.

ಇಳಿಯುವಾಗಿನ ಕಷ್ಟ ಬೇರೆ. ಜಾರುವ ಮಣ್ಣಿನಲ್ಲಿ ಬ್ರೇಕ್ ಒತ್ತಿ ಹಿಡಿದರೆ ಚಕ್ರ ನಿಲ್ಲುತ್ತದೆಯೇ ಹೊರತು ಗಾಡಿ ನಿಲ್ಲುವುದಿಲ್ಲ. ಭಾವನ ಹಳೆಯ ಮಹೀಂದ್ರ ಜೀಪು ಅಲ್ಲಿ ಹೇಗೆ ಇಳಿಯುತ್ತದೆ ಎಂಬುದನ್ನು ಪಕ್ಕದಲ್ಲಿ ಕುಳಿತು ನೋಡಬೇಕು. ಏರಿನ ತುದಿಯಲ್ಲಿ ನಿಲ್ಲಿಸಿ, ಸಣ್ಣ ಗೇರಿನ ಕೋಲನ್ನು ಎಳೆದು ಫೋರ್ ವೀಲ್ ಲೋಗೆ, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಕೊಟ್ಟು ಗಾಡಿಯನ್ನು ತೀರಾ ನಿಧಾನಕ್ಕೆ ನಡೆಸುವ ಗೇರಿಗೆ ಹಾಕುತ್ತಾರೆ. ಆಮೇಲೆ ಮೊದಲ ಗೇರು ಹಾಕಿ ಕ್ಲಚ್ ಬಿಟ್ಟು, ಬ್ರೇಕಿನ ಮೇಲಿಂದ ಕಾಲನ್ನೇ ತೆಗೆದುಬಿಡುತ್ತಾರೆ. ಎಂಜಿನ್ನೇ ನಾಲ್ಕೂ ಚಕ್ರಗಳನ್ನು ಹಿಡಿದುಕೊಂಡು, ನಡೆಯುವವನಿಗಿಂತ ನಿಧಾನವಾಗಿ ಗಾಡಿಯನ್ನು ಕೆಳಗಿಳಿಸುತ್ತದೆ. ಅಸಲಿ ಕಾಡುಗಾಡಿಗೂ ಮನೆಗಾಡಿಗೂ ಇರುವ ದೊಡ್ಡ ವ್ಯತ್ಯಾಸ ಈ ಲೋ ಗೇರು. ಥಾರ್, ರಾಕ್ಸ್‌ಗಳ ಫೋರ್ ಬೈ ಫೋರ್ (ನಾಲ್ಕೂ ಚಕ್ರ ಚಾಲನೆಯ) ಆವೃತ್ತಿಗಳು, ಜಿಮ್ನಿ, ಗೂರ್ಖಾ, ಇವುಗಳಲ್ಲಿ ಅದು ಇದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹಂಚುವ ಗ್ರ್ಯಾಂಡ್ ವಿಟಾರಾ, ಹೈರೈಡರ್‌ಗಳಲ್ಲಿ ಇಲ್ಲ. ಅವು ಹಿಂಚಕ್ರಕ್ಕೂ ಶಕ್ತಿ ಕಳಿಸುತ್ತವೆ, ಲಾಕ್ ಮಾಡಿದರೆ ಜಾರುವಲ್ಲಿ ಮುಂದೆ ಹಿಂದೆ ಎರಡೂ ಕಡೆ ಎಳೆಯುತ್ತವೆ. ಆದರೆ ಗೇರು ಅದೇ ರಸ್ತೆಯ ಗೇರು.

ಇನ್ನೊಂದು ಮಾತು. ರಾಕ್ಸ್ ಎಂದರೆ ತಾನಾಗಿಯೇ ಫೋರ್ ಬೈ ಫೋರ್ ಎಂದು ನಂಬಿದವರು ನಮ್ಮ ಬಳಗದಲ್ಲಿಯೇ ಇದ್ದಾರೆ. 2024ರ ಆಗಸ್ಟ್‌ನಲ್ಲಿ ಬಂದ ಆ ಗಾಡಿಯ ಹಲವು ಆವೃತ್ತಿಗಳು ಬರಿಯ ಹಿಂಚಕ್ರ ಚಾಲನೆಯವು. ಫೋರ್ ಬೈ ಫೋರ್ ಬಂದದ್ದು ಡೀಸೆಲ್‌ನಲ್ಲಿ. ಹಣ ಕಟ್ಟುವ ಮೊದಲು ಇದನ್ನು ದಯವಿಟ್ಟು ಬಾಯಿಬಿಟ್ಟು ಕೇಳಿ.

ಇಷ್ಟೆಲ್ಲ ಗೊತ್ತಾದಾಗ ರಾಕ್ಸ್ ಪಕ್ಷ ಗೆದ್ದಿತು ಎಂದೇ ಅನ್ನಿಸಿತ್ತು. ಅಷ್ಟರಲ್ಲಿ ತೀರ್ಥಹಳ್ಳಿಯಿಂದ ಯಜಮಾನರ ಚಿಕ್ಕಪ್ಪನ ಮಗ ತನ್ನ ರಾಕ್ಸ್ ಫೋರ್ ಬೈ ಫೋರ್ ತೆಗೆದುಕೊಂಡು ತೋಟದ ಮನೆಗೆ ಬಂದ. ಆಷಾಢದ ನಟ್ಟನಡು ಮಳೆ. ಮೋರಿಯ ಬಳಿ ಒಂದು ಕ್ಷಣವೂ ನಿಲ್ಲದೆ ಏರು ಹತ್ತಿ ಅಂಗಳಕ್ಕೆ ಬಂದು ನಿಲ್ಲಿಸಿದ. ಮಗನ ಮುಖ ನೋಡಬೇಕಿತ್ತು. ನನಗೂ ಆ ಗಾಡಿಯ ಮೇಲೆ ಗೌರವ ಹುಟ್ಟಿತು, ಅದನ್ನು ಮುಚ್ಚಿಡುವುದಿಲ್ಲ.

ಹೊರಡುವಾಗ ‘ದೊಡ್ಡಮ್ಮ, ಒಂದು ಸುತ್ತು ಬನ್ನಿ’ ಎಂದು ಅತ್ತೆಯವರನ್ನು ಕರೆದ. ಅಕ್ಕ ಒಳಗಿನಿಂದ ಮರದ ಮಣೆ ತಂದು ಬಾಗಿಲ ಕೆಳಗಿಟ್ಟಳು. ಅತ್ತೆ ಎಡಗೈಯಲ್ಲಿ ನನ್ನ ಭುಜ ಹಿಡಿದು, ಬಲಗೈಯಲ್ಲಿ ಬಾಗಿಲ ಪಕ್ಕದ ಹಿಡಿ ಹಿಡಿದು, ನೋವಿಲ್ಲದ ಕಾಲನ್ನು ಮೊದಲು ಮೇಲಿಟ್ಟು ಹತ್ತಿದರು. ಹತ್ತಿದ್ದಾಯಿತು. ಇಳಿಯುವಾಗ ಹೊರಗೆ ಮುಖ ಮಾಡಿದರೆ ಪಾದ ನೆಲಕ್ಕೆ ಸಿಗಲಿಲ್ಲ. ಒಳಗೆ ಮುಖ ಮಾಡಿ ಹಿಂದಕ್ಕೆ ಕಾಲು ಚಾಚಬೇಕಾಯಿತು. ಹಾಗೆ ಚಾಚುವಾಗ ಇಡೀ ಮೈಭಾರ ಮಡಿಸಿದ ಬಲ ಮೊಣಕಾಲಿನ ಮೇಲೆ ಬಿತ್ತು. ಅವರು ಕೂಗಲಿಲ್ಲ. ನನ್ನ ಭುಜದ ಮೇಲಿದ್ದ ಬೆರಳುಗಳು ಬಿಗಿಯಾದವು, ಅಷ್ಟೇ. ಮಣೆಯ ಮೇಲೆ ಕಾಲೂರಿದ ಮೇಲೆ, ‘ಹತ್ತಿಬಿಡಬಹುದು ಮಾರಾಯ್ತಿ, ಇಳಿಯುವುದೇ ಆಗುವುದಿಲ್ಲ’ ಎಂದರು. ಯಜಮಾನರು ಆ ರಾತ್ರಿ ರಾಕ್ಸ್ ಸುದ್ದಿ ಎತ್ತಲಿಲ್ಲ.

ಆ ಗಾಡಿಯ ಎತ್ತರ 1,923 ಮಿ.ಮೀ. ಅಷ್ಟು ಎತ್ತರದ ಮೇಲೆ ಕೂರುವುದು ಗಂಡಸರಿಗೆ ಖುಷಿ. ದಾರಿ ಚೆನ್ನಾಗಿ ಕಾಣುತ್ತದೆ. ಆದರೆ ಗಾಡಿಯನ್ನು ಅಳೆಯಬೇಕಾದದ್ದು ಅದರಲ್ಲಿ ಅತ್ಯಂತ ಕಷ್ಟದಿಂದ ಹತ್ತುವವರ ಕಾಲಿನಿಂದ ಎಂದು ನಾನು ಅವತ್ತು ಪಟ್ಟು ಹಿಡಿದೆ. ಸೀಟಿನ ಎತ್ತರ ಸೊಂಟದ ಮಟ್ಟಕ್ಕಿದ್ದರೆ ಮುದುಕರು ಮೊದಲು ಕೂತು, ಆಮೇಲೆ ಕಾಲು ಒಳಗೆಳೆದುಕೊಳ್ಳಬಹುದು. ಹತ್ತುವ ಪ್ರಶ್ನೆಯೇ ಬರುವುದಿಲ್ಲ. ಕ್ರಾಸ್‌ಓವರ್‌ಗಳ ಸೀಟು ಹೆಚ್ಚುಕಡಿಮೆ ಆ ಮಟ್ಟದಲ್ಲಿದೆ. ಹಳೆಯ ವ್ಯಾಗನ್ ಆರ್ ಅತ್ತೆಗೆ ಇಷ್ಟವಾಗಿದ್ದದ್ದೂ ಇದೇ ಕಾರಣಕ್ಕೆ.

ಹಾಗಾದರೆ ಏರನ್ನು ಏನು ಮಾಡುವುದು? ಭಾವನೇ ದಾರಿ ತೋರಿಸಿದರು. ‘ಗಾಡಿಗೆ ದಾರಿ ಹೊಂದುವುದಿಲ್ಲ ಎಂದರೆ ದಾರಿಯನ್ನು ಒಂದು ಸಲ ಅಳೆದು ನೋಡೋಣ’ ಎಂದರು. ಮೇಸ್ತ್ರಿ ಬಂದು, ನೀರು ತುಂಬಿದ ಪಾರದರ್ಶಕ ಪೈಪು ಹಿಡಿದು ಮಟ್ಟ ನೋಡಿದರು. ಅತಿ ಕಡಿದಾದ ಕಡೆ ಹತ್ತು ಮೀಟರ್ ದೂರಕ್ಕೆ ಎರಡು ಮೀಟರ್ ಏರಿಕೆ. ಇಷ್ಟು ವರ್ಷ ಎಲ್ಲರೂ ಭಯಪಟ್ಟ ಏರು ಐದಕ್ಕೆ ಒಂದು, ಸುಮಾರು ಹನ್ನೊಂದು ಡಿಗ್ರಿ. ಹಿಡಿತವಿರುವ ನೆಲವಾದರೆ ಯಾವ ಕಾರೂ ಹತ್ತುವಷ್ಟೇ. ಏರು ಕಾಡುತ್ತಿದ್ದದ್ದು ತನ್ನ ಕಡಿದಿನಿಂದಲ್ಲ, ಮೇಲ್ಮಣ್ಣಿನಿಂದ. ಜೊತೆಗೆ, ಮೇಲಿನ ಸೊಪ್ಪಿನ ಬೆಟ್ಟದ ನೀರು ಬಸಿಗಾಲುವೆ ಮುಚ್ಚಿಹೋಗಿ ದಾರಿಯ ಮೇಲೆಯೇ ಹರಿಯುತ್ತಿತ್ತು.

ಗಾಲಿ ಓಡುವ ಕಡೆ ಮಾತ್ರ ಎರಡು ಕಾಂಕ್ರೀಟ್ ಪಟ್ಟಿ ಹಾಕುವುದೆಂದು ಗೊತ್ತು ಮಾಡಿದೆವು. ತಲಾ ಎರಡಡಿ ಅಗಲ, ಅರ್ಧ ಅಡಿ ದಪ್ಪ, ನಲವತ್ತು ಮೀಟರ್ ಉದ್ದ. ಸಿಮೆಂಟ್ ಒಂದು, ಮರಳು ಎರಡು, ಜಲ್ಲಿ ನಾಲ್ಕರ ಮಿಶ್ರಣದಲ್ಲಿ ಲೆಕ್ಕ ಹಾಕಿದರೆ ನಲವತ್ತೈದು ಮೂಟೆ ಸಿಮೆಂಟಿನ ಆಸುಪಾಸು ಬರುತ್ತದೆ. ಈ ಕೆಲಸ ಮಾಡಿಸುವವರಿಗೆ ಒಂದು ಕಿವಿಮಾತು: ಮೇಲ್ಮೈಯನ್ನು ನುಣ್ಣಗೆ ಉಜ್ಜಲು ಬಿಡಬೇಡಿ. ನಮ್ಮ ಮೇಸ್ತ್ರಿ ಕಾಂಕ್ರೀಟ್ ಹಸಿಯಿರುವಾಗಲೇ ಅಡಿಕೆ ದಬ್ಬೆಯನ್ನು ಅಡ್ಡಲಾಗಿಟ್ಟು ಒತ್ತಿ, ಗೇಣಿಗೊಂದರಂತೆ ಗೀರು ಎಳೆದರು. ಗೀರು ತುಸು ಓರೆಯಾಗಿ, ಧರೆಯ ಕಡೆಗೆ ಇಳಿಯುವಂತಿದೆ. ನೀರು ಪಟ್ಟಿಯ ಮೇಲೆ ನಿಲ್ಲದೆ ಬಸಿಗಾಲುವೆಗೆ ಹೋಗುತ್ತದೆ, ಟೈರಿಗೆ ಕಚ್ಚಲು ಅಂಚೂ ಸಿಗುತ್ತದೆ. ನೆರಳಿನಲ್ಲಿರುವ ಕಾಂಕ್ರೀಟಿಗೆ ಹಾವಸೆ ಕಟ್ಟುತ್ತದೆ, ಅದು ಕೆಮ್ಮಣ್ಣಿಗಿಂತ ಅಪಾಯ. ಮೊದಲ ಮಳೆಗಳು ಬಿದ್ದ ಮೇಲೆ ಬ್ಲೀಚಿಂಗ್ ಪುಡಿ ಹಾಕಿ ಗಟ್ಟಿ ಪೊರಕೆಯಲ್ಲಿ ತಿಕ್ಕಬೇಕು, ನಡುಮಳೆಗಾಲದಲ್ಲಿ ಇನ್ನೊಮ್ಮೆ.

ಖರ್ಚಿನ ಕಡೆಗೂ ನೋಡಿ. ಕರ್ನಾಟಕದಲ್ಲಿ ಹತ್ತರಿಂದ ಇಪ್ಪತ್ತು ಲಕ್ಷದ ಗಾಡಿಗೆ ಜೀವಿತಾವಧಿ ತೆರಿಗೆ ಶೇ. 17, ಇಪ್ಪತ್ತು ದಾಟಿದರೆ ಶೇ. 18, ಉಪಕರ ಬೇರೆ. ಗಾಡಿಯ ಬೆಲೆಯಲ್ಲಿ ಮೂರು ಲಕ್ಷ ಹೆಚ್ಚಾದರೆ ತೆರಿಗೆಯೊಂದರಲ್ಲೇ ಐವತ್ತು ಸಾವಿರದ ಮೇಲೆ ಹೆಚ್ಚುತ್ತದೆ. ಆ ದುಡ್ಡಿನಲ್ಲಿ ದಾರಿಗೆ ಕಾಂಕ್ರೀಟ್ ಬಿದ್ದರೆ ನಮ್ಮ ಗಾಡಿಗೆ ಮಾತ್ರವಲ್ಲ, ಅಡಿಕೆ ಕೊನೆ ಕೊಯ್ಯುವ ಕೊನೆಗೌಡರ ಬೈಕಿಗೆ, ಅಡಿಕೆ ಸುಲಿಯಲು ಬರುವ ಹೆಂಗಸರ ಆಟೋಗೆ, ಗ್ಯಾಸಿನ ಗಾಡಿಗೆ, ಹಿಮ್ಮುಖ ಹತ್ತುವ ಪಕ್ಕದ ಮನೆಯವರಿಗೆ, ಎಲ್ಲರಿಗೂ ಆಗುತ್ತದೆ. ರಾತ್ರಿ ಆಂಬುಲೆನ್ಸ್ ಕರೆದರೆ ಅದೂ ಅಂಗಳದವರೆಗೆ ಬರಬೇಕಲ್ಲ!

ಗಾಡಿಯ ಹೆಚ್ಚಿನ ದುಡಿಮೆ ಇರುವುದು ಡಾಂಬರಿನ ಮೇಲೆಯೇ ಎಂಬುದೂ ನಮ್ಮ ಮನೆಯಲ್ಲಿ ಚರ್ಚೆಯಾಯಿತು. ಅತ್ತೆಯವರ ತಪಾಸಣೆಗೆ ಮಣಿಪಾಲಕ್ಕೆ ಹೋಗುವುದು ಬಾಳೆಬರೆ ಘಾಟಿ ಇಳಿದು, ಹೊಸಂಗಡಿ, ಸಿದ್ದಾಪುರದ ಮೇಲೆ. ಆ ತಿರುವುಗಳಲ್ಲಿ ಚಾಸಿಯ ಮೇಲೆ ಕೂತ ಎತ್ತರದ ಗಾಡಿ ಎಡಕ್ಕೂ ಬಲಕ್ಕೂ ಓಲಾಡುತ್ತದೆ. ಮಗಳು ಘಾಟಿಯಲ್ಲಿ ವಾಂತಿ ಮಾಡುವವಳು; ಅವಳಿಗೆ ಇದು ಸಣ್ಣ ವಿಷಯವಲ್ಲ. ಕ್ರಾಸ್‌ಓವರ್‌ಗಳ ಮೈಯೂ ಚೌಕಟ್ಟೂ ಒಂದೇ, ನೆಲಕ್ಕೆ ಹತ್ತಿರ ಕೂರುತ್ತವೆ, ಓಲಾಟ ಕಡಿಮೆ. ಅಗಲವೂ ಗಮನಿಸಬೇಕಾದದ್ದು: ರಾಕ್ಸ್ 1,870 ಮಿ.ಮೀ., ಗ್ರ್ಯಾಂಡ್ ವಿಟಾರಾ 1,795. ಕವಿದ ಮಂಜಿನಲ್ಲಿ ಎದುರಿನಿಂದ ಬಸ್ ಬಂದಾಗ ಮೂರು ಬೆರಳಿನ ಅಂತರವೂ ಉಪಕಾರಕ್ಕೆ ಬರುತ್ತದೆ. ಇನ್ನು ಅತ್ತೆಯವರ ಸಿಗಂದೂರು ಹರಕೆ. ಒಂದು ಕಾಲಕ್ಕೆ ಶರಾವತಿ ಹಿನ್ನೀರು ದಾಟಲು ಹೊಳೆಬಾಗಿಲಿನಲ್ಲಿ ಲಾಂಚಿಗೆ ಗಾಡಿ ಏರಿಸಿ ಕಾಯಬೇಕಿತ್ತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆದ ಮೇಲೆ ಅಲ್ಲಿಗೂ ಗಾಡಿಯಿಂದ ಇಳಿಯದೆ ಹೋಗಿ ಬರಬಹುದು.

ಕೊಡಚಾದ್ರಿಗೆ ಹೋಗಬೇಡವೇ ಎಂದು ಮಗ ಕೇಳಿದ. ಹೋಗೋಣ, ಅಲ್ಲಿನ ಜೀಪಿನವರ ಜೊತೆ ಹೋಗೋಣ ಎಂದೆ. ಆ ದಾರಿಯ ಒಂದೊಂದು ಬಂಡೆಯೂ ಅವರಿಗೆ ಗೊತ್ತು, ಅದು ಅವರ ಅನ್ನವೂ ಹೌದು. ನಾಲ್ಕು ಚಕ್ರದ ಚಾಲನೆ ಇದೆ ಎಂದು ಮಳೆಗಾಲದಲ್ಲಿ ಹುಲ್ಲುಗಾವಲಿಗೂ ಹಳ್ಳಕ್ಕೂ ಗಾಡಿ ನುಗ್ಗಿಸುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಗುಡ್ಡದ ಮೇಲಿನ ತೆಳು ಮಣ್ಣಿನಲ್ಲಿ ಒಮ್ಮೆ ಚಕ್ರದ ಜಾಡು ಬಿದ್ದರೆ ಮುಂದಿನ ಮಳೆಗೆ ಅದು ಕೊರಕಲು, ಅದರ ಮುಂದಿನ ಮಳೆಗೆ ಕುಸಿತ. ರಾಕ್ಸ್ 650 ಮಿ.ಮೀ. ನೀರಿನಲ್ಲಿ ಹೋಗಬಲ್ಲದು ಎನ್ನುತ್ತಾರೆ. ಅದು ನಿಂತ ನೀರಿನ ಮಾತು. ನಮ್ಮ ಮೋರಿಯ ಮೇಲೆ ಕೆಂಪು ನೀರು ಸೆಳೆದು ಹರಿಯುವಾಗ ಯಾವ ಗಾಡಿಯನ್ನೂ ಇಳಿಸಕೂಡದು. ನೀರು ಇಳಿಯುವವರೆಗೆ ಈಚೆ ಕಾಯಬೇಕು.

ಕಾಡುಗಾಡಿಯೇ ಬೇಕಾದವರು ಖಂಡಿತ ಇದ್ದಾರೆ. ಏರು ನಮ್ಮದಕ್ಕಿಂತ ಕಡಿದಾಗಿದ್ದು, ದಾರಿ ಅರಣ್ಯದ ಜಾಗದಲ್ಲಿ ಹಾದು ಒಂದು ಬುಟ್ಟಿ ಜಲ್ಲಿ ಹಾಕಲೂ ಅನುಮತಿ ಸಿಗದವರು, ವರ್ಷವಿಡೀ ಒಳಗೇ ಇರುವವರು ಲೋ ಗೇರಿಲ್ಲದ ಗಾಡಿ ಕೊಳ್ಳಬಾರದು. ಗಂಡ ಹೆಂಡತಿ, ಒಂದೆರಡು ಮಕ್ಕಳಷ್ಟೇ ಇರುವ ಮನೆಗೆ ಜಿಮ್ನಿ ನನಗೆ ಬಹಳ ಮೆಚ್ಚಿಗೆಯ ಗಾಡಿ. ಅಗಲ 1,645 ಮಿ.ಮೀ. ಅಷ್ಟೇ, ಹಗುರ, ತೋಟದ ದಾರಿಗೆ ಹೇಳಿ ಮಾಡಿಸಿದಂತಿದೆ. ಆದರೆ ಸೀಟು ನಾಲ್ಕೇ, ನಾವು ಐವರು. ಹಿಂದಿನ ಸೀಟು ಎತ್ತಿದ್ದಾಗ ಉಳಿಯುವ 208 ಲೀಟರ್ ಜಾಗದಲ್ಲಿ ಹಲಸಿನ ಕಾಯಿ ಎರಡು ಹಿಡಿದರೆ ಹೆಚ್ಚು. ನಮ್ಮಲ್ಲಿ ಲೋ ಗೇರಿನ ಕೆಲಸಕ್ಕೆ ಭಾವನ ಜೀಪು ಇನ್ನೂ ಗಟ್ಟಿಯಾಗಿದೆ. ಬೋರ್ಡೋ ಸಿಂಪಡಣೆಯ ಡ್ರಮ್ಮು, ಗೊಬ್ಬರ, ಅಡಿಕೆ ಮೂಟೆ, ಇವೆಲ್ಲ ಅದರಲ್ಲಿಯೇ ಹೋಗಬೇಕು.

ಕೊನೆಗೆ ನಾಲ್ಕೂ ಚಕ್ರದ ಚಾಲನೆಯಿರುವ ಗ್ರ್ಯಾಂಡ್ ವಿಟಾರಾ ಬುಕ್ ಮಾಡಿದೆವು. ಏರಿಗೆ ಕಾಂಕ್ರೀಟ್ ಬಿದ್ದ ಮೇಲೂ ಗದ್ದೆ ಬದಿಯ ಜೇಡಿಮಣ್ಣು ಹಾಗೆಯೇ ಇದೆ. ಮುಂಚಕ್ರ ಮಾತ್ರ ಎಳೆಯುವ ಗಾಡಿ ಅಲ್ಲಿ ಹೂತರೆ ಹೂತೇ ಹೋಯಿತು. ಹಿಂಚಕ್ರವೂ ದೂಡಿದರೆ ಸಾವಕಾಶವಾಗಿ ದಾಟುತ್ತದೆ. ಜಾಡಿನ ನಡುವಿನ ದಿಣ್ಣೆಯನ್ನು ಟೇಪು ಹಿಡಿದು ಅಳೆದೆವು, ಎತ್ತರವಿದ್ದ ಕಡೆ ಏಳು ಅಂಗುಲ. ಗಾಡಿಯ ಹೊಟ್ಟೆ ಎಂಟೂಕಾಲು ಅಂಗುಲದಲ್ಲಿದೆ. ಐದು ಜನ ಕೂತಾಗ ಸ್ಪ್ರಿಂಗ್ ತಗ್ಗಿ ಅಂತರ ಇನ್ನೂ ಕಡಿಮೆಯಾಗುತ್ತದೆ. ಹಾಗಾಗಿ ದಿಣ್ಣೆಯನ್ನು ಪಿಕಾಸಿಯಲ್ಲಿ ಕೆತ್ತಿಸಿ, ಜಾಡಿಗೆ ಜಂಬಿಟ್ಟಿಗೆಯ ಚೂರು ತುಂಬಿಸುವ ಕೆಲಸವನ್ನು ಭಾವ ಕೊಯ್ಲಿಗೆ ಮುಂಚೆಯೇ ಮುಗಿಸುತ್ತೇನೆ ಎಂದಿದ್ದಾರೆ.

ಟೈರಿನ ವಿಚಾರ ಮಾತ್ರ ಇನ್ನೂ ಬಾಕಿ ಇದೆ. ಗಾಡಿಯ ಜೊತೆ ಬರುವುದು ಡಾಂಬರಿಗೆ ಹೇಳಿದ ಟೈರು, ಕೆಸರು ಅದರ ಗೀರುಗಳಲ್ಲಿ ಬೇಗ ತುಂಬಿಕೊಳ್ಳುತ್ತದೆ. ದಪ್ಪ ಗೀರಿನ ಆಲ್ ಟೆರೇನ್ ಟೈರು ಹಾಕಿಸೋಣ ಎಂದು ಯಜಮಾನರು. ಅವು ಕೆಸರಿನಲ್ಲಿ ಒಳ್ಳೆಯವು. ಆದರೆ ಸದ್ದು ಹೆಚ್ಚು, ಮೈಲೇಜ್ ಕಡಿಮೆ, ಒದ್ದೆ ಡಾಂಬರಿನಲ್ಲಿ ನಿಲ್ಲಲು ಹೆಚ್ಚು ದೂರ ಬೇಕು. ಘಾಟಿಯ ಇಳಿಜಾರು ಕಣ್ಣ ಮುಂದಿರುವಾಗ ನನಗೆ ಒಪ್ಪಿಗೆಯಿಲ್ಲ. ಒಂದು ಮಳೆಗಾಲ ಇದೇ ಟೈರಿನಲ್ಲಿ ಓಡಿಸಿ, ಗಾಳಿಯನ್ನು ಸರಿಯಾಗಿ ಇಟ್ಟುಕೊಂಡು ನೋಡೋಣ, ಜೇಡಿಮಣ್ಣು ಆಗಲೂ ಕಾಡಿದರೆ ಆಮೇಲೆ ಬದಲಿಸೋಣ ಎಂದಿದ್ದೇನೆ. ಅವರು ಇನ್ನೂ ಹೂಂ ಎಂದಿಲ್ಲ.